ಪಕ್ಕದ ಸೀಟಿನವನ ಹೊಟ್ಟೆಕಿಚ್ಚು

ನನ್ನ ಹೆಂಡತಿ ಕಾರು ಓಡಿಸುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭ. ಕೆಟ್ಟದಾಗಿ ಓಡಿಸಿದ್ದರೆ ಬೈದುಕೊಂಡು ಹಾಯಾಗಿರುತ್ತಿದ್ದೆ. ಅವಳು ಚೆನ್ನಾಗಿ ಓಡಿಸುತ್ತಾಳೆ, ಅದೇ ತೊಂದರೆ.

ಬೆಂಗಳೂರಿನ ಲೈಸೆನ್ಸು ಸ್ವೀಡನ್ನಿನಲ್ಲಿ ಒಂದು ವರ್ಷ ಮಾತ್ರ ನಡೆಯುತ್ತದೆ. ಆಮೇಲೆ ಇಲ್ಲಿಯದನ್ನೇ ಪಡೆಯಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹನ್ನೆರಡು ವರ್ಷ ಸ್ಟಿಯರಿಂಗ್ ಹಿಡಿದವನಿಗೆ ಈಗ ನಾವಿರುವ ಎಸ್ಕಿಲ್‌ಸ್ಟುನಾದ ಖಾಲಿ ರಸ್ತೆ ಯಾವ ಲೆಕ್ಕ ಎಂದುಕೊಂಡು ಪರೀಕ್ಷೆಗೆ ಹೋದೆ. ಬಲಗಡೆಯಿಂದ ಬಂದ ಗಾಡಿಗೆ ದಾರಿ ಬಿಡಲಿಲ್ಲವೆಂದು ಫೇಲು. ಎರಡನೆಯ ಸಲ, ಸೈಕಲ್ಲಿನಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬಳಿಗೆ ಅಭ್ಯಾಸಬಲದಿಂದ ಹಾರ್ನ್ ಹೊಡೆದೆ. ಅವಳು ಬೀಳಲಿಲ್ಲ, ನಾನು ಬಿದ್ದೆ. ಮೂರನೆಯ ಸಲ ಹೆದರಿಕೊಂಡು ಎಷ್ಟು ನಿಧಾನವಾಗಿ ಹೋದೆನೆಂದರೆ ಪರೀಕ್ಷಕಿ ಕೈಗಡಿಯಾರ ನೋಡಿಕೊಂಡಳು. ಮತ್ತೆ ಫೇಲು. ಅಷ್ಟರಲ್ಲಿ ನನ್ನ ಹೆಂಡತಿ ತಾನಾಗಿಯೇ ಡ್ರೈವಿಂಗ್ ಸ್ಕೂಲಿಗೆ ಸೇರಿ, ಮೊದಲ ಸಲಕ್ಕೇ ಪಾಸಾಗಿ, ಸಂಜೆಗೆ ಕೇಸರಿಬಾತು ಮಾಡಿದ್ದಳು. ನಾನೂ ತಿಂದೆ. ರುಚಿಯಾಗಿತ್ತು.

ಕಳೆದ ಬೇಸಿಗೆಯಲ್ಲಿ ದೂರದ ಉತ್ತರದ ಲುಲೆಯೊದಲ್ಲಿರುವ ಗೆಳೆಯರ ಮನೆಗೆ ಹೊರಟೆವು. ಎಲ್ಲರೂ ಸಮುದ್ರದ ಪಕ್ಕದ ದೊಡ್ಡ ರಸ್ತೆಯಲ್ಲಿ ಹೋಗುತ್ತಾರೆ. ಅವಳು ಮಾತ್ರ ಒಳನಾಡಿನ ಹಳೆಯ ಹೆದ್ದಾರಿಯೇ ಬೇಕೆಂದಳು. ಸ್ಟಿಯರಿಂಗ್ ಹಿಡಿದವರು ರಸ್ತೆ ಆರಿಸುತ್ತಾರೆ, ಹಾಡು ಹಾಕುತ್ತಾರೆ, ಕಿಟಕಿ ಎಷ್ಟು ಇಳಿಸಬೇಕೆಂದು ತೀರ್ಮಾನಿಸುತ್ತಾರೆ. ಪಕ್ಕದ ಸೀಟಿನವನು ಕಿತ್ತಳೆ ಸುಲಿದು ಕೊಡುತ್ತಾನೆ. ನನ್ನ ಬಲಗಾಲು ಮಾತ್ರ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತದೆ.

ಆ ದಾರಿಯನ್ನು ಮರುಭೂಮಿ ಎನ್ನುವುದಕ್ಕೆ ಮರಳೊಂದು ಕಡಿಮೆ. ಗಂಟೆಗಟ್ಟಲೆ ಮನುಷ್ಯರಿಲ್ಲ. ಪೈನ್ ಕಾಡು, ಕಾಡು ಕಡಿದು ಬೋಳಾದ ಬಯಲು, ಮತ್ತೆ ಕಾಡು. ಎರಡನೆಯ ದಿನ ಮಧ್ಯಾಹ್ನ ಒಂದು ಊರು ಬಂತು. ಮರದ ಮಿಲ್ಲು ಮುಚ್ಚಿದ ಊರು. ಅಂಗಡಿಗಳ ಕಿಟಕಿಗಳಿಗೆ ಹಲಗೆ ಹೊಡೆದಿದ್ದರು. ರಸ್ತೆಯಂಚಿನಲ್ಲಿ ಒಂದು ಬಸ್ಸು ಚಕ್ರವಿಲ್ಲದೆ ನಿಂತಿತ್ತು. ಒಂದು ಸಾಸೇಜ್ ಕಿಯೋಸ್ಕು ಮಾತ್ರ ತೆರೆದಿತ್ತು. ಅದರ ಮುಂದೆ ಅಮೆರಿಕದ ಹಳೆಯ ಉದ್ದನೆಯ ಕಾರುಗಳು, ಅವುಗಳಿಗೆ ಒರಗಿ ನಿಂತ ಹಚ್ಚೆಯ ಗಂಡಸರು.

"ಇಲ್ಲಿ ಬೇಡ ಕಣೇ, ಜನ ಒಂಥರಾ ಇದಾರೆ, ಮುಂದೆ ಹೋಗೋಣ," ಎಂದೆ.

"ಮುಂದೆ ಎಲ್ಲಿ? ಇನ್ನು ತೊಂಬತ್ತು ಕಿಲೋಮೀಟರ್ ಏನೂ ಇಲ್ಲ. ನಂಗೆ ಕಾಫಿ ಬೇಕು," ಎಂದು ಹೇಳಿ ಎರಡು ದೊಡ್ಡ ಕಾರುಗಳ ನಡುವಿನ ಇಕ್ಕಟ್ಟಿಗೆ ರಿವರ್ಸ್‌ನಲ್ಲಿ ಒಂದೇ ಸಲಕ್ಕೆ ನಮ್ಮ ಕಾರನ್ನು ಸೇರಿಸಿದಳು. ಯಾರೋ ಚಪ್ಪಾಳೆ ತಟ್ಟಿದರು. ನನ್ನ ಮೈಯೆಲ್ಲ ಉರಿಯಿತು.

ಚಪ್ಪಾಳೆ ತಟ್ಟಿದವರು ಎಪ್ಪತ್ತು ದಾಟಿದ ಒಬ್ಬ ಮುದುಕರು. ಜೀನ್ಸ್ ಜಾಕೆಟ್ಟು, ಕಿವಿಯಲ್ಲಿ ಒಂದು ಓಲೆ. ಅವರ ಕಾರು ತಿಳಿಹಸಿರು, ನಮ್ಮ ಅಡುಗೆಮನೆಗಿಂತ ಉದ್ದ. ನಾವು ಕಾಫಿ ಹಿಡಿದು ಬಂದಾಗ ಅವರೇ ಮಾತಿಗೆ ಬಂದರು. ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದವರಂತೆ. ಅವಳು ತನಗೆ ಬಂದಷ್ಟು ಸ್ವೀಡಿಷ್‌ನಲ್ಲಿ ಎಂಜಿನ್ನು, ಗೇರು ಎಂದು ಕೇಳುತ್ತಾ ಹೋದಳು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಮುದುಕರು ಜೇಬಿನಿಂದ ಕೀಲಿ ತೆಗೆದು ಅವಳ ಅಂಗೈಗೆ ಹಾಕಿ, ಊರಲ್ಲಿ ಒಂದು ಸುತ್ತು ಹೊಡೆಸು ಎಂದರು.

ನಾನು ಗಂಟಲು ಸರಿ ಮಾಡಿಕೊಂಡು, ನಾನೂ ಒಂದು ಸುತ್ತು ಓಡಿಸಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಲೈಸೆನ್ಸ್ ಇದೆಯೇ ಎಂದು ಕೇಳಿದರು.

ಇಂಡಿಯಾದ್ದಿದೆ ಎಂದೆ. ಅವರು ನನಗಾಗಿ ಹಿಂದಿನ ಬಾಗಿಲು ತೆರೆದರು.

ಹೀಗೆ ನಾನು ಪಕ್ಕದ ಸೀಟಿನಿಂದ ಹಿಂದಿನ ಸೀಟಿಗೆ ಇಳಿದೆ. ಮುಂದೆ ಅವರಿಬ್ಬರು, ನಡುವೆ ಒಂದು ಪೊಟ್ಟಣ ಹುರಿದ ಬಾದಾಮಿ. ಮುಚ್ಚಿದ ಶಾಲೆ, ಹುಲ್ಲು ಬೆಳೆದ ಫುಟ್‌ಬಾಲ್ ಮೈದಾನ, ಮಿಲ್ಲಿನ ತುಕ್ಕು ಹಿಡಿದ ಗೇಟು ಎಲ್ಲವನ್ನೂ ಅವಳು ರಾಣಿಯ ಮೆರವಣಿಗೆಯಂತೆ ದಾಟಿದಳು. ಮುದುಕರು ಕೈಸನ್ನೆಯಲ್ಲಿ ಇನ್ನೂ ಒತ್ತು, ಇನ್ನೂ ಒತ್ತು ಎನ್ನುತ್ತಿದ್ದರು. ಅವಳು ಒತ್ತಿದಳು. ಕನ್ನಡಿಯಲ್ಲಿ ಅವಳ ಮುಖ ಕಾಣಿಸಿತು. ಬಾಯಿತೆರೆದು ನಗುತ್ತಿದ್ದಳು. ಹದಿನೇಳು ವರ್ಷದ ಸಂಸಾರದಲ್ಲಿ ನಾನು ಓಡಿಸಿದ ಯಾವ ಕಾರಿನಲ್ಲೂ ಅವಳು ಹಾಗೆ ನಕ್ಕಿರಲಿಲ್ಲ. ಬ್ರೇಕ್ ಫೇಲಾಗಲಿ ಎಂದು ಒಂದು ಕ್ಷಣ ಬಯಸಿದೆ, ನಾನೂ ಅದೇ ಕಾರಿನಲ್ಲಿದ್ದೇನೆ ಎಂಬುದನ್ನೂ ಮರೆತು.

ಹಿಂತಿರುಗಿ ಕೀಲಿ ಕೊಟ್ಟಳು. ಅವರು ಅವಳ ಕೈ ಕುಲುಕಿ ಕಿಯೋಸ್ಕಿನ ಕಡೆ ಹೋದರು. ಅವಳು ನಮ್ಮ ಕಾರಿನ ಹತ್ತಿರ ಬಂದು, ಬಾಗಿಲು ತೆಗೆಯದೆ ಹಾಗೇ ನಿಂತಳು. ನನ್ನೊಳಗಿದ್ದ ವಿಷವನ್ನೆಲ್ಲ ಸೇರಿಸಿ, "ಏನು, ಮಹಾರಾಣಿಯವರ ಸವಾರಿ ಮುಗೀತಾ?" ಎಂದೆ.

ತಿರುಗಿದಳು. ಕಣ್ಣು ಒದ್ದೆಯಾಗಿತ್ತು.

"ಬೆಂಗಳೂರಲ್ಲಿ ಎಷ್ಟು ಭಾನುವಾರ ಕೇಳಿದೀನಿ ರೀ ನಿಮ್ಮನ್ನ? ಲೇಔಟ್ ಹಿಂದಿನ ಖಾಲಿ ಸೈಟಲ್ಲಾದ್ರೂ ಒಂದ್ಸಲ ಕಲಿಸಿ ಅಂತ. ಟ್ರಾಫಿಕ್ಕು, ಆಮೇಲೆ ನೋಡೋಣ, ನಿಂಗ್ಯಾಕೆ ಅವೆಲ್ಲ ಅಂತಿದ್ರಿ. ಒಂಬತ್ತು ವರ್ಷ. ಈ ಮನುಷ್ಯ ನನ್ನ ಹೆಸರೂ ಕೇಳ್ಲಿಲ್ಲ, ಕಾಫಿ ಮುಗಿಯೋಕ್ ಮುಂಚೆ ಕೀಲಿ ಕೊಟ್ರು."

ಅವಳ ದನಿಯಲ್ಲಿ ಜಗಳವಿರಲಿಲ್ಲ.

ನಿಜ, ಕೇಳಿದ್ದಳು. ಕೇಳುತ್ತಾಳೆಂದೇ ಬೆಂಗಳೂರಿನ ನಮ್ಮ ಕಾರಿನ ಎರಡನೆಯ ಕೀಲಿಯನ್ನು ನಾನು ಬೀರುವಿನಲ್ಲಿ, ನನ್ನ ಕಾಗದಪತ್ರಗಳ ಕೆಳಗೆ ಇಟ್ಟು ಬೀಗ ಹಾಕುತ್ತಿದ್ದೆ. ಕಾರಿಗೆ ಗೀರು ಬೀಳುತ್ತದೆಂಬ ಭಯ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅವಳು ನನಗಿಂತ ಚೆನ್ನಾಗಿ ಓಡಿಸಿಬಿಟ್ಟರೆ ಎಂಬುದೇ ನಿಜವಾದ ಭಯವಾಗಿತ್ತು ಎಂದು ಆ ಊರಿನಲ್ಲಿ, ಸೊಳ್ಳೆ ಓಡಿಸಿಕೊಂಡು ನಿಂತಾಗ ಗೊತ್ತಾಯಿತು.

ಅವಳು ಕಣ್ಣೊರೆಸಿಕೊಂಡು ಸ್ಟಿಯರಿಂಗಿನ ಹಿಂದೆ ಕೂತಳು. ನಾನು ಪಕ್ಕದಲ್ಲಿ ಕೂತೆ. ಲುಲೆಯೊ ಮುಟ್ಟುವವರೆಗೂ ಹೊಟ್ಟೆಕಿಚ್ಚು ಹಾಗೇ ಇತ್ತು, ಅವಳ ಮೇಲಲ್ಲ, ಆ ಮುದುಕರ ಮೇಲೆ. ಒಂಬತ್ತು ವರ್ಷ ನನ್ನ ಬೀರುವಿನಲ್ಲಿ ಕೀಲಿಯ ಜೊತೆಗೇ ಬಿದ್ದಿದ್ದ ಆ ನಗುವನ್ನು ಅವರು ಕಾಲು ಗಂಟೆಯಲ್ಲಿ ಅವಳಿಗೆ ಕೊಟ್ಟು ಹೋಗಿದ್ದರು.