ಅರಳೆಯ ಗಂಟಲು

ನನಗೆ ನಾಯಿ ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುತ್ತ ನೀವು ನನ್ನನ್ನು ದಯಾವಂತೆ ಎಂದು ತಪ್ಪು ತಿಳಿಯುವುದು ಬೇಡ. ಒಗೆದು ಹರವಿದ ಸೀರೆಯನ್ನೇ ಹುಡುಕಿ ಅದರ ಮೇಲೆ ಮಲಗುವ ಪ್ರಾಣಿ ಅದು. ರೊಟ್ಟಿ ತಟ್ಟುವಾಗ ಬಾಗಿಲಲ್ಲಿ ಕೂತು, ಊಟಕ್ಕೆ ಕರೆದು ಮರೆತವರನ್ನು ನೋಡುವ ಹಾಗೆ ನಮ್ಮನ್ನು ನೋಡುತ್ತದೆ.

ಅರಳೆಯನ್ನು ನಾವು ಸಾಕಲಿಲ್ಲ, ಅದೇ ಬಂತು. ಕುಕ್ಕುವಾಡದಿಂದ ದಾವಣಗೆರೆಗೆ ಹತ್ತಿ ಹೇರಿಕೊಂಡು ಬಂದ ಗಾಡಿಯ ನೆರಳಲ್ಲಿ ನಡೆದು ಬಂದಿತ್ತು. ಗಾಡಿ ಹೋಯಿತು, ನಾಯಿ ನಮ್ಮ ಜಗುಲಿಯಲ್ಲಿ ಉಳಿಯಿತು. ಬೆಳ್ಳಗಿತ್ತೆಂದು ನನ್ನ ಮಗ ಶಿವಣ್ಣ ಅರಳೆ ಎಂದು ಕರೆದ. ಹತ್ತಿ ಮಿಲ್ಲಿನಲ್ಲಿ ದುಡಿಯುವವನಿಗೆ ಬೇರೆ ಹೆಸರು ಎಲ್ಲಿ ಹೊಳೆಯಬೇಕು? ವಾರದೊಳಗೆ ನಮ್ಮ ಓಣಿಯ ಧೂಳಿಗೆ ಅದು ಗೋಣಿಚೀಲದ ಬಣ್ಣವಾಯಿತು. ಹೆಸರು ಮಾತ್ರ ಬೆಳ್ಳಗೇ ಉಳಿಯಿತು.

ಶಿವಣ್ಣನ ಮಗ ಚನ್ನನಿಗೆ ಆಗ ಆರು ವರ್ಷ. ಹುಟ್ಟಿನಿಂದಲೇ ಕಿವಿ ಕೇಳದು, ಹಾಗಾಗಿ ಮಾತೂ ಇಲ್ಲ. ನೋಡಿದವರೆಲ್ಲ ಅಯ್ಯೋ ಪಾಪ ಎನ್ನುತ್ತಿದ್ದರು. ಬೆಲ್ಲದ ಡಬ್ಬಿಯನ್ನು ಯಾವ ಮೂಲೆಯಲ್ಲಿಟ್ಟರೂ ಹುಡುಕುವ ಹುಡುಗ ಯಾತರ ಪಾಪ? ಡಬ್ಬಿ ಬಚ್ಚಿಡುವ ನಾನು ಪಾಪ.

ಆಗ ನಮ್ಮ ಓಣಿಯಲ್ಲಿ ಗಡಿಯಾರ ಇರಲಿಲ್ಲ, ಮಿಲ್ಲಿನ ಕೂಗು ಇತ್ತು. ಬೆಳಿಗ್ಗೆ ಕೂಗಿದರೆ ಗಂಡಸರು ಒಳಗೆ, ಸಂಜೆ ಕೂಗಿದರೆ ಹೊರಗೆ. ನಾವು ಹೆಂಗಸರು ಒಲೆ ಹಚ್ಚುವುದು, ಜಗಳ ನಿಲ್ಲಿಸುವುದು ಎಲ್ಲ ಅದರ ಲೆಕ್ಕದಲ್ಲೇ. ಮಿಲ್ಲು ಕೂಗಿದಾಗಲೆಲ್ಲ ಅರಳೆ ಮೂತಿ ಮೇಲೆತ್ತಿ, ಅದು ನಿಲ್ಲುವವರೆಗೂ ಜೊತೆಯಲ್ಲಿ ಊಳಿಡುತ್ತಿತ್ತು. ಚನ್ನ ಅದರ ಕುತ್ತಿಗೆ ಹಿಡಿದು ಕೂತಿರುತ್ತಿದ್ದ. ಹಿಸುಕುತ್ತಿದ್ದಾನೆಂದು ನಾನು ಎಷ್ಟೋ ಸಲ ಕೈ ಬಿಡಿಸಿದ್ದೇನೆ. ಸಂಜೆಯ ಕೂಗು ಮುಗಿದದ್ದೇ ಹುಡುಗ ಓಣಿಯ ಮೂಲೆಗೆ ಓಡುವನು. ಅಪ್ಪನ ಹೆಗಲೇರಿ ಮನೆಗೆ ಬರುವನು. ಕಿವಿ ಕೇಳದ ಹುಡುಗನಿಗೆ ಹೊತ್ತು ಹೇಗೆ ತಿಳಿಯುತ್ತದೆ ಎಂದು ಮನೆಯಲ್ಲಿ ಯಾರಿಗೂ ಕೇಳಬೇಕೆನಿಸಲಿಲ್ಲ. ಬುದ್ಧಿವಂತರು ತುಂಬಿದ್ದ ಮನೆ ನಮ್ಮದು.

ಆ ಚಳಿಗಾಲ ಎದುರುಮನೆಯ ಗಂಗಮ್ಮನ ಗಂಡ ಉಬ್ಬಸ ಹೆಚ್ಚಾಗಿ ಹಾಸಿಗೆ ಹಿಡಿದ. ನಾಯಿ ಊಳಿಟ್ಟರೆ ಸಾವು ಎನ್ನುತ್ತಾರಲ್ಲ, ಗಂಗಮ್ಮ ಕಣ್ಣೀರು ಸುರಿಸುತ್ತ ಬಂದಳು.

"ಯಕ್ಕಾ, ನಿಮ್ಮ ನಾಯಿ ನಮ್ಮನಿಯವರ್ನ ಕರಕಂಡು ಹೋಗಾಕೇ ಕೂಗ್ತೈತೆ. ನಿಮ್ಮ ಕಾಲಿಗೆ ಬೀಳ್ತೀನಿ, ಎಲ್ಲಿಗಾರ ಕಳಿಸ್ರಿ."

ದಿನಕ್ಕೆರಡು ಊಳಿಗೆ ಒಬ್ಬೊಬ್ಬರು ಹೋಗುವುದಾಗಿದ್ದರೆ ಯುಗಾದಿಯೊಳಗೆ ಓಣಿಯೇ ಖಾಲಿಯಾಗಬೇಕಿತ್ತು. ಇದು ನನಗೆ ಗೊತ್ತಿತ್ತು. ಆದರೆ ನಾಯಿಯನ್ನು ಸಾಗಹಾಕಲು ನನಗೂ ಒಂದು ನೆಪ ಬೇಕಿತ್ತು. ಮರುದಿನವೇ ಹರಿಹರದ ಕಡೆ ಹೊರಟಿದ್ದ ಗಾಡಿಯಲ್ಲಿ ಅರಳೆಯನ್ನು ಕಟ್ಟಿಹಾಕಿಕೊಂಡು ಹೋಗಿ, ಅಲ್ಲಿದ್ದ ನನ್ನ ಮಗಳು ಪಾರ್ವತಿಯ ಹಿತ್ತಿಲಲ್ಲಿ ಬಿಟ್ಟು ಬಂದೆ. ದಾರಿಯುದ್ದಕ್ಕೂ ಅದು ನನ್ನ ಕಾಲ ಮೇಲೆ ತಲೆಯಿಟ್ಟು ಮಲಗಿತ್ತು. ನಾಯಿಗೆ ಮನುಷ್ಯರನ್ನು ಅಳೆಯಲು ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ?

ಆ ಸಂಜೆ ಮಿಲ್ಲು ಕೂಗಿತು. ಚನ್ನ ಅಂಗಳದಲ್ಲಿ ಕಲ್ಲು ಜೋಡಿಸುತ್ತ ಕೂತೇ ಇದ್ದ. ಬರಿಯ ಹೆಗಲಲ್ಲಿ ಬಂದ ಶಿವಣ್ಣ, "ಯಾಕವ್ವಾ, ಹುಡುಗಗೆ ಮೈ ಸರಿ ಇಲ್ಲೇನು?" ಎಂದ. ಮರುದಿನದಿಂದ ಹುಡುಗ ಬೆಳಿಗ್ಗೆ ಎದ್ದವನೇ ಮೂಲೆಗೆ ಹೋಗಿ ನಿಂತುಬಿಡುತ್ತಿದ್ದ. ಅಪ್ಪ ಎಷ್ಟು ಹೊತ್ತಿಗೆ ಬರುತ್ತಾನೋ ಗೊತ್ತಿಲ್ಲ, ತಪ್ಪಿಹೋದರೆ? ಎಳೆದು ತಂದರೆ ಮತ್ತೆ ಓಡುವನು. ಅನ್ನ ಬೇಡ, ಬೆಲ್ಲವೂ ಬೇಡ. ನಾಲ್ಕು ದಿನ ಡಬ್ಬಿ ಇಟ್ಟಲ್ಲೇ ಇತ್ತು. ಆಗ ನನಗೆ ಹೆದರಿಕೆಯಾಯಿತು.

ಐದನೆಯ ಸಂಜೆ ಬಿಸಿಲಲ್ಲಿ ಕೆಂಪಾಗಿದ್ದವನನ್ನು ತಂದು ಮುಂದೆ ಕೂರಿಸಿಕೊಂಡೆ. ಅವನು ಸುಮ್ಮನೆ ನನ್ನ ಗಂಟಲಿನ ಮೇಲೆ ಅಂಗೈ ಇಟ್ಟ. ಇನ್ನೊಂದು ಕೈಯಿಂದ ನನ್ನ ಗದ್ದ ಹಿಡಿದು ಮೇಲಕ್ಕೆತ್ತಿದ. ಎತ್ತಿ, ಕಾಯುತ್ತ ಕೂತ.

ಆಗ ತಿಳಿಯಿತು. ಅವನು ಇಷ್ಟು ದಿನ ಹಿಸುಕುತ್ತಿರಲಿಲ್ಲ, ಕೇಳುತ್ತಿದ್ದ.

ಅಷ್ಟರಲ್ಲಿ ಮಿಲ್ಲು ಕೂಗಿತು. ಮುಂದೆ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆ. ಯಾರೂ ನೋಡದ ಹಾಗೆ ಬಾಗಿಲು ಮುಂದೆ ಮಾಡಿ, ಉಸಿರು ತುಂಬಿಕೊಂಡು, ಮಿಲ್ಲಿನ ಜೊತೆ ನಾನೂ ಊಳಿಟ್ಟೆ. ಚನ್ನ ಗಂಭೀರವಾಗಿ ಗಂಟಲು ಮುಟ್ಟಿ ನೋಡಿದ. ಮುಖ ಸಿಂಡರಿಸಿ ಕೈ ತೆಗೆದ. ಸರಕು ಸರಿಯಿಲ್ಲವೆಂದು ಪೇಟೆಯಲ್ಲಿ ವಾಪಸು ಮಾಡುವುದಿಲ್ಲವೆ, ಹಾಗೆ. ನಾನು ಇನ್ನೂ ಜೋರು ಮಾಡಿದೆ. ಬಾಗಿಲು ದಡಾರನೆ ತೆರೆಯಿತು. ಗಂಗಮ್ಮ, ಸೆರಗು ಬಾಯಿಗೆ ಒತ್ತಿಕೊಂಡು.

"ಯಕ್ಕಾ! ಯಾರು ಹೋದ್ರು?"

"ಯಾರೂ ಹೋಗಿಲ್ಲವ್ವ. ಹುಡುಗಗೆ ಹೊತ್ತು ತಿಳಿಸ್ತಿದ್ದೆ."

ಎಲ್ಲ ಹೇಳಿದೆ. ಗಂಗಮ್ಮ ಚನ್ನನನ್ನು ನೋಡಿದಳು, ನನ್ನನ್ನು ನೋಡಿದಳು. ಸೆರಗು ಬಾಯಲ್ಲೇ ಇತ್ತು, ಆದರೆ ಈಗ ಒಳಗಿದ್ದದ್ದು ನಗು. ಅವಳ ಹಿಂದೆಯೇ ಅಂಗಳದಾಚೆಯಿಂದ ಅವಳ ಗಂಡನ ಕೆಮ್ಮು, ಕೆಮ್ಮಿನ ನಡುವೆ ಮಾತು:

"ಏ ಇವಳೇ, ಅದ್ಯಾವ ಹೊಸ ನಾಯಿ ತಂದಾರೆ? ದನಿ ಒಂಚೂರೂ ಚಲೋ ಇಲ್ಲ!"

"ನಾಳೇನೇ ಹೋಗ್ರಿ ಯಕ್ಕಾ," ಎಂದಳು ಗಂಗಮ್ಮ, ಕಣ್ಣೊರೆಸಿಕೊಂಡು. "ಅರಳೆನ್ನ ಕರಕಂಡು ಬರ್ರಿ. ನೀವು ಕೂಗೋದು ಬ್ಯಾಡ. ನಮ್ಮನಿಯವರು ಅದನ್ನಾರ ತಡಕಂತಾರೆ, ಇದನ್ನ ತಡಕಳಲ್ಲ."

ಮರುದಿನ ಹರಿಹರದಲ್ಲಿ ಪಾರ್ವತಿ ಹೇಳಿದಳು: "ಅವ್ವಾ, ಇದಕ್ಕೇನೋ ಆಗೈತೆ. ರೈಲು ಕೂಗಿದ್ರೆ ತಾನೂ ಕೂಗ್ತೈತೆ, ಕುತ್ತಿಗೆ ಒಂದ್ಕಡೆ ವಾಲಿಸಿ ನಿಂತ್ಕಂತೈತೆ. ಯಾರಾದ್ರೂ ಹಿಡೀಲಿ ಅಂತಾನೋ ಏನೋ." ನಾನು ಹಗ್ಗ ಬಿಚ್ಚಿದೆ.

ಗಂಗಮ್ಮನ ಗಂಡ ಆಮೇಲೆ ಬಹಳ ವರ್ಷ ಇದ್ದ; ಅರಳೆ ಊಳಿಟ್ಟರೆ ಚಹಾ ಕೇಳುತ್ತಿದ್ದ. ಸಾವಿನ ದೂತ ಅವನ ಮನೆಯಲ್ಲಿ ಚಹಾದ ದೂತನಾಯಿತು.

ಅರಳೆ ವಾಪಸು ಬಂದ ಸಂಜೆ ನಾನೂ ಜಗುಲಿಯಲ್ಲಿ ಕೂತಿದ್ದೆ. ಮಿಲ್ಲು ಕೂಗಿತು, ಅದು ಮೂತಿ ಎತ್ತಿತು, ಚನ್ನನ ಕೈ ಗಂಟಲಿಗೆ ಹೋಯಿತು. ಅವನು ನನ್ನ ಕೈಯನ್ನೂ ಎಳೆದು ಅಲ್ಲೇ ಇಟ್ಟ. ಬೀಸುಕಲ್ಲು ತಿರುಗುವಾಗ ಅದರ ಮೇಲೆ ಕೈಯಿಟ್ಟ ಹಾಗೆ ಅಂಗೈಯೊಳಗೆಲ್ಲ ಗುರುಗುರು. ಕೂಗು ನಿಂತಿತು, ಹುಡುಗ ಮೂಲೆಗೆ ಓಡಿದ.

ನಾನು ಎದ್ದು ಹೋಗಿ ಸೀಗೆಪುಡಿ ಹಾಕಿ ಕೈ ತೊಳೆದುಕೊಂಡೆ. ನಾಯಿ ಕಂಡರೆ ನನಗೆ ಆಗುವುದಿಲ್ಲ ಎಂದೆನಲ್ಲ. ಆದರೆ ಆಮೇಲೆ ದಿನಾ ಸಂಜೆ ಕೈ ತೊಳೆಯುವುದು ನನಗೆ ರೂಢಿಯಾಯಿತು.