ರಾಣಿಗೆ ಕಾಲು ನೋವು

ದೇವರಾಜ ಮೊಹಲ್ಲಾದ ಚೂಡಾಮಣಿ ಟೀಚರ್ ಮನೆಯಲ್ಲಿ ದಸರೆಯಲ್ಲಿ ಬೊಂಬೆ ನೋಡಲು ಬಂದ ಮಕ್ಕಳಿಗೆ ಹಂಚುವ ಚರ್ಪು ಪುಕ್ಕಟೆ ಸಿಗುವುದಿಲ್ಲ. ಬೇರೆ ಮನೆಗಳಲ್ಲಾದರೆ ಮಕ್ಕಳು "ಬೊಂಬೆ ಕೂರ್ಸಿದ್ದೀರಾ?" ಎಂದು ಬಾಗಿಲಲ್ಲಿ ಕೂಗಿದರೆ ಸಾಕು, ಅಂಗೈಗೆ ಕೊಬ್ಬರಿ ಮಿಠಾಯಿಯೋ ಕಡಲೆ ಉಸಲಿಯೋ ಬೀಳುತ್ತದೆ. ಆದರೆ ಇಪ್ಪತ್ತಾರು ವರ್ಷ ಮೂರನೇ ಕ್ಲಾಸಿಗೆ ಪಾಠ ಹೇಳಿದ ಚಟ ರಜೆಯಲ್ಲಾದರೂ ಬಿಡಬೇಕಲ್ಲ! ಇಲ್ಲಿ ಒಂದು ಬೊಂಬೆ ಎತ್ತಿಕೊಂಡು ಅದರ ಬಾಯಲ್ಲಿ ಕಥೆ ಹೇಳಬೇಕು. ಆ ಬೊಂಬೆಗೆ ಕಂಡದ್ದು, ಕೇಳಿಸಿದ್ದು, ಅನಿಸಿದ್ದು ಅಷ್ಟೇ. ಕಾಣದ್ದನ್ನು ಸೇರಿಸಿದರೆ ಚರ್ಪಿಲ್ಲ.

ಪೊಲೀಸ್ ಬೊಂಬೆ ಹಿಡಿದ ವಾಗೀಶ ಒಮ್ಮೆ, ಪಕ್ಕದ ಸೆಟ್ಟಿ ಬೊಂಬೆಯನ್ನು ತೋರಿಸಿ, "ಸೆಟ್ಟಿ ಮನಸ್ಸಲ್ಲೇ ನಗ್ತಿದ್ದ" ಎಂದ.

"ಸೆಟ್ಟಿ ಮನಸ್ಸೊಳಗೆ ನೀನು ಯಾವ ಬಾಗಿಲಿಂದ ಹೋದೆಯೋ?" ಎಂದರು ಟೀಚರ್. ಪಾಪ, ಅವನ ಮಿಠಾಯಿ ಅಲ್ಲಿಗೇ ಹೋಯಿತು.

ಆ ಮಕ್ಕಳಲ್ಲಿ ಸಿಂಚನಳದು ಮಾತ್ರ ಮೌನ. ತಾಯಿ ದೇವಿರಮ್ಮ ಪಕ್ಕದ ರಸ್ತೆಯ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದರು; ಅಂಗಡಿ ಮುಚ್ಚುವತನಕ ಮಗಳು ಟೀಚರ್ ಮನೆಯಲ್ಲಿ. ಕ್ಲಾಸಿನಲ್ಲಿ ವರ್ಷವೆಲ್ಲ ಬಾಯಿ ಬಿಡದಿದ್ದ ಆ ಹುಡುಗಿ ಈ ಹಬ್ಬದಲ್ಲಾದರೂ ಒಂದು ಕಥೆ ಹೇಳಲಿ ಎಂಬುದು ಚೂಡಾಮಣಿಯವರ ಆಸೆ. ಐದನೆಯ ದಿನ ಅವಳು ಗಿಳಿಯನ್ನು ಎತ್ತಿಕೊಂಡು ಎರಡು ಮಾತು ಆಡಿಯೂ ಬಿಟ್ಟಳು. ಟೀಚರಿಗೆ ಸ್ವರ್ಗಕ್ಕೆ ಮೂರೇ ಗೇಣು.

ಆರನೆಯ ಸಂಜೆ ಅಡುಗೆಮನೆಯಿಂದ ಉಸಲಿ ತಂದು ನೋಡುತ್ತಾರೆ, ಬೊಂಬೆ ಜೋಡಿಸಿದ ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಣಿ ಮಲಗಿದ್ದಾಳೆ! ಟೀಚರ್ ಮದುವೆಯಲ್ಲಿ ಅವರ ತಾಯಿ ಕೊಟ್ಟ ರಾಜ-ರಾಣಿ ಜೋಡಿ ಅದು. ಪಟ್ಟದ ಬೊಂಬೆಗಳನ್ನು ಮಲಗಿಸುವುದು ವಿಜಯದಶಮಿಯ ರಾತ್ರಿ. ಮಲಗಿಸಿದರೆ ಹಬ್ಬ ಮುಗಿದಂತೆ. ಎದುರಿಗೆ ಸಿಂಚನ ನಿಂತಿದ್ದಳು.

"ಬೇಕಂತಲೇ ಮಾಡಿದೀಯ! ಚೇಷ್ಟೆ ಜಾಸ್ತಿ ಆಯ್ತು ನಿಂಗೆ!" ಎಂದು ಎಲ್ಲ ಮಕ್ಕಳ ಮುಂದೆ ರೇಗಿಬಿಟ್ಟರು. ಮಾರನೆಯ ದಿನ ಹುಡುಗಿ ಬರಲಿಲ್ಲ. ಟೀಚರಿಗೆ ಊಟ ರುಚಿಸಲಿಲ್ಲ.

ಎಂಟನೆಯ ಸಂಜೆ ದೇವಿರಮ್ಮನೇ ಮಗಳ ಕೈ ಹಿಡಿದು ಬಾಗಿಲಿಗೆ ಬಂದರು. "ಎಲ್ಡು ದಿನದಿಂದ ಇಂಗೇ ಟೀಚರ್. ಏನಾಯ್ತು ಅಂದ್ರೆ ಬಾಯೇ ಬುಡ್ತಿಲ್ಲ."

ಚೂಡಾಮಣಿ ಯೋಚಿಸಿದರು. ಆಮೇಲೆ ಯಾರಿಗೂ ಮುಟ್ಟಗೊಡದ ರಾಣಿಯನ್ನು ಇಳಿಸಿ ಸಿಂಚನಳ ಕೈಗೇ ಕೊಟ್ಟರು. "ಅವತ್ತು ಏನಾಯ್ತು ಅಂತ ರಾಣಿನೇ ಹೇಳ್ಲಿ ಕಣಮ್ಮ."

ಸಿಂಚನಳ ಸಣ್ಣ ದನಿ ಬಂತು. "ನಾನು ರಾಣಿ. ಆರು ದಿನದಿಂದ ನಿಂತೇ ಇದ್ದೆ. ಒಂದು ಹುಡುಗಿ ಬಂದ್ಲು. ಅವಳ ಅಮ್ಮನೂ ಅಂಗಡೀಲಿ ದಿನಾ ನಿಂತೇ ಇರ್ತಾರೆ, ಕೂತ್ರೆ ಅಂಗಡಿಯವ್ರು ಬೈತಾರೆ."

"ಅಂಗಡಿ ರಾಣಿಗೆ ಹೆಂಗೆ ಕಾಣ್ತದೆ? ಚರ್ಪಿಲ್ಲ!" ಎಂದ ವಾಗೀಶ.

"ಕಾಣಲ್ಲ. ಆ ಹುಡುಗಿ ನನ್ನ ಕಿವೀಲಿ ಹೇಳಿದ್ಲು," ಎಂದಳು ಸಿಂಚನ. "ಮನೇಲಿ ಅಮ್ಮನ್ನ ಮಲಗಿಸಿ ಕಾಲು ಒತ್ತುತಾಳಂತೆ. ನನಗೂ ನೋಯ್ತಿರಬೇಕು ಅಂತ ಮಲಗಿಸಿ ಕಾಲು ಒತ್ತಿದ್ಲು. ನನಗೆ ಹಾಯಾಗಿತ್ತು. ಅಷ್ಟರಲ್ಲಿ ಟೀಚರ್ ಬಂದ್ಬುಟ್ರು."

ದೇವಿರಮ್ಮ ಹೊಸ್ತಿಲ ಮೇಲೇ ಕೂತುಬಿಟ್ಟರು. ಹೊಸ್ತಿಲ ಮೇಲೆ ಕೂರಬಾರದೆಂದು ಊರಿಗೆಲ್ಲ ಬುದ್ಧಿ ಹೇಳುವ ಟೀಚರ್ ಅಂದು ಏನೂ ಅನ್ನಲಿಲ್ಲ. ಹುಡುಗಿಯನ್ನು ಹತ್ತಿರ ಎಳೆದುಕೊಂಡರು.

"ನನಗೆ ಕಂಡಿದ್ದು ಮಲಗಿದ್ದ ರಾಣಿ ಮಾತ್ರ. ಬೇಕಂತಲೇ ಮಾಡಿದೆ ಅಂತ ಕಾಣದ್ದನ್ನ ನಾನೇ ಸೇರಿಸ್ಬುಟ್ಟೆ. ತಪ್ಪಾಯ್ತು ಕಣಮ್ಮ. ಈ ಸಲ ನನಗೆ ಚರ್ಪಿಲ್ಲ."

ಇದೆಲ್ಲ ಆಗಿ ನಾಲ್ಕು ವರ್ಷವಾಯಿತು. ಈಗಲೂ ಪ್ರತಿ ದಸರೆಯ ಆರನೆಯ ಸಂಜೆ ಆ ಮನೆಯ ಪಟ್ಟದ ರಾಣಿ ಅರ್ಧ ಗಂಟೆ ಮಲಗುತ್ತಾಳೆ. ಬೊಂಬೆ ನೋಡಲು ಬಂದ ಮುತ್ತೈದೆಯರು ಗಾಬರಿಯಾಗಿ, "ಇದೇನ್ರೀ, ಇಷ್ಟು ಬೇಗ ಮಲಗಿಸಿಬಿಟ್ರಿ?" ಎನ್ನುತ್ತಾರೆ.

"ಕಾಲು ನೋವು ಕಣ್ರೀ," ಎನ್ನುತ್ತಾರೆ ಚೂಡಾಮಣಿ ಟೀಚರ್. "ಸ್ವಲ್ಪ ಮೆತ್ತಗೆ ಮಾತಾಡಿ."