ಕಣ್ಣು ಮುಚ್ಚಿ ನೋಡಿದವನು

ನನಗೆ ಬೇಗ ಸಿಟ್ಟು ಬರುತ್ತದೆ. ಈಗ ಕೈಯಲ್ಲಿ ಬಲವಿಲ್ಲದ್ದರಿಂದ ಎಲ್ಲ ಬಾಯಲ್ಲೇ ಮುಗಿಯುತ್ತದೆ. ಮೊಮ್ಮಕ್ಕಳು ಅದನ್ನು ಅಜ್ಜನ ಗೊಣಗಾಟ ಎಂದು ನಗುತ್ತಾರೆ. ನಗಲಿ. ಅದೇ ಸಿಟ್ಟು ಕೈಗೆ ಇಳಿಯುತ್ತಿದ್ದ ಕಾಲದಲ್ಲಿ ಏನು ಮಾಡಿತೆಂದು ನಾನು ಅವರಿಗೆ ಇದುವರೆಗೂ ಹೇಳಿಲ್ಲ.

ಐವತ್ತರ ದಶಕ. ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ನಾನು ಸಪ್ಲೈಯರ್ ಆಗಿದ್ದೆ. ಒಂಬತ್ತು ಜನ ಅಲ್ಲೇ ಉಂಡು, ಮೇಲಿನ ಅಟ್ಟದಲ್ಲೇ ಮಲಗುತ್ತಿದ್ದೆವು. ಧಣಿಗಳು ನಮ್ಮ ಕಡೆಯವರೇ. ಯಾರನ್ನು ಕೆಲಸಕ್ಕೆ ತೆಗೆದುಕೊಂಡರೂ ಅವರು ಹೇಳುತ್ತಿದ್ದುದು ಎರಡೇ ಮಾತು: ಹೆಂಗಸರ ತಂಟೆ ಬೇಡ, ಹೊಡೆದಾಟ ಬೇಡ. ಹೊಡೆದಾಡಿದರೆ ತಪ್ಪು ಯಾರದೆಂದು ಕೇಳುವ ಪದ್ಧತಿಯೇ ಇರಲಿಲ್ಲ, ಇಬ್ಬರೂ ಊರಿಗೆ. ಹಾಗೆ ಹೋದವರಿಗಿಂತ ಮೊದಲು ಧಣಿಗಳ ಅಂಚೆ ಕಾರ್ಡು ಊರು ಸೇರುತ್ತಿತ್ತು. ಏಕೆ ಕಳಿಸಿದ್ದು ಎಂಬುದು ಅದರಲ್ಲಿ ಎಲ್ಲರೂ ಓದುವ ಹಾಗೆ ಬರೆದಿರುತ್ತಿತ್ತು.

ನನ್ನ ಜೊತೆಗಾರನೊಬ್ಬನ ಊರು ನಮ್ಮ ಹೊಳೆಯ ಆಚೆ ದಡ. ನನ್ನದೇ ಪ್ರಾಯ. ನಿಧಾನದ ಮನುಷ್ಯ. ಅವನಿಗೆ ಸೋದರಮಾವನ ಮಗಳೊಂದಿಗೆ ಮದುವೆ ಗಟ್ಟಿಯಾಗಿತ್ತು, ಬರುವ ಬೇಸಗೆಗೆ. ಹುಡುಗಿಗೆ ಯಾವ ಬಣ್ಣದ ಸೀರೆ ಒಪ್ಪುತ್ತದೆ ಎಂದು ನಮ್ಮನ್ನೆಲ್ಲ ಕೇಳಿ ಕೇಳಿ ತಲೆ ತಿನ್ನುತ್ತಿದ್ದ. ತಲೆ ತಗ್ಗಿಸಿಯೇ ಓಡಾಡುವವನೆಂದು ಧಣಿಗಳು ಅವನಿಗೆ ಫ್ಯಾಮಿಲಿ ರೂಮು ಕೊಟ್ಟಿದ್ದರು. ರೂಮೆಂದರೆ ಹಲಗೆಯ ಅಡ್ಡಗೋಡೆ, ಹಸಿರು ಪರದೆ, ಹೆಂಗಸರು ಮಕ್ಕಳೊಂದಿಗೆ ಬಂದವರಿಗಾಗಿ ನಾಲ್ಕು ಮೇಜು. ಅಲ್ಲಿ ಫ್ಯಾನು ಇತ್ತು, ಗಿರಾಕಿಗಳು ಬೈಯುವುದು ಕಡಿಮೆ. ಅದು ನನಗೆ ಸಿಗಬೇಕಿತ್ತು ಎಂಬ ಉರಿ ನನ್ನೊಳಗೆ ಇತ್ತು, ಇಲ್ಲವೆಂದು ಈಗ ಹೇಳಿ ಪ್ರಯೋಜನವಿಲ್ಲ.

ಬೆಳಗಿನ ನಳ್ಳಿ ನೀರು ಸ್ವಲ್ಪವೇ ಹೊತ್ತು. ಒಂದು ದಿನ ನಾನು ತುಂಬಿಸಿಟ್ಟ ಬಾಲ್ದಿಯನ್ನು ಅವನು ತನ್ನದೆಂದುಕೊಂಡು ಸ್ನಾನಕ್ಕೆ ಕೂತಿದ್ದ. ನಾನು ಬಚ್ಚಲಿಗೆ ಹೋಗುವಾಗ ಬಾಲ್ದಿ ಅರ್ಧ ಖಾಲಿ, ಅವನ ಮುಖದ ತುಂಬ ಸಾಬೂನಿನ ನೊರೆ. ಯಾರು ಎಂದು ಕಣ್ಣು ಮುಚ್ಚಿಕೊಂಡೇ ಮುಖ ಎತ್ತಿದ. ನಾನು ಮುಷ್ಟಿ ಕಟ್ಟಿ ಹೊಡೆದೆ. ಬಲಗಣ್ಣಿನ ಮೇಲೆಯೇ ಬಿತ್ತು. ಕಣ್ಣು ಮುಚ್ಚಿ ಕೂತವನಿಗೆ ಹೊಡೆದವನು ನಾನು.

ಗದ್ದಲ ಕೇಳಿ ಧಣಿಗಳು ಬಂದರು. ಅವನು ನೊರೆ ಒರೆಸಿಕೊಳ್ಳುತ್ತ ಅವರ ಕಡೆ ತಿರುಗಿದ.

"ಕಾಲು ಜಾರಿತು ಧಣಿ. ಬಾಲ್ದಿಯ ಅಂಚು ತಾಗಿತು."

ಅವರು ಹೋದ ಮೇಲೆ ನನಗೆ ಹೇಳಿದ, "ಇಬ್ರೂ ಊರಿಗೆ ಹೋಗಿ ಎಂತ ಮಾಡುದು ಮಾರಾಯ? ನೀನು ಸುಮ್ಮನಿರು."

ಮಧ್ಯಾಹ್ನದೊಳಗೆ ಕಣ್ಣು ಬಾತು ಮುಚ್ಚಿಹೋಯಿತು. ಮೂಗಿನಿಂದ ರಕ್ತ ಬರುತ್ತಿತ್ತು. ಅವನು ಮೂಗು ಸೀಟಿದ ಕೂಡಲೇ ರೆಪ್ಪೆ ಎಣ್ಣೆಗೆ ಬಿಟ್ಟ ಪೂರಿಯಂತೆ ಇನ್ನಷ್ಟು ಉಬ್ಬಿತು. ನಮಗೆ ಗಾಬರಿಯಾಗಿ ಅರಸಿನ ಹಚ್ಚಿ ಬಿಸಿ ಬಟ್ಟೆಯ ಶಾಖ ಕೊಟ್ಟೆವು. ಒಂದು ವಾರದಲ್ಲಿ ಬಾವು ಇಳಿಯತೊಡಗಿತು. ಕಡಿಮೆಯಾಯಿತು ಎಂದು ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ನಾನೇ. ಬಾವು ಇಳಿದ ಮೇಲೂ ಕಣ್ಣು ಇಳಿಯುತ್ತಲೇ ಹೋಯಿತು. ದಿನಕ್ಕಿಷ್ಟು ಎನ್ನುವ ಹಾಗೆ ಅದು ಒಳಗೆ ಹೋಗಿ, ಹುಬ್ಬಿನ ಕೆಳಗೆ ಒಂದು ಗುಳಿ ಕಾಣಿಸಿಕೊಂಡಿತು. ಎಡಗಣ್ಣು ಮೇಲೆ ನೋಡಿದರೆ ಬಲಗಣ್ಣು ಮೇಲೆ ಹೋಗದು, ಎಲ್ಲಿತ್ತೋ ಅಲ್ಲೇ. ಆ ಕಡೆಯ ಕೆನ್ನೆಗೆ ಸ್ಪರ್ಶವೂ ಇರಲಿಲ್ಲ. ನೊಣ ಕೂತರೆ ಅವನಿಗೆ ತಿಳಿಯುತ್ತಿರಲಿಲ್ಲ, ನಾವು ಹೇಳಬೇಕಾಗಿತ್ತು.

ಬಹಳ ವರ್ಷಗಳ ಮೇಲೆ ನನ್ನ ಕಣ್ಣಿನ ಪೊರೆ ತೋರಿಸಲು ಪರೇಲಿನ ಒಂದು ಆಸ್ಪತ್ರೆಗೆ ಹೋದಾಗ, ಯಾರದೋ ಸುದ್ದಿ ಎಂಬಂತೆ ಇದನ್ನು ಡಾಕ್ಟರರ ಮುಂದೆ ಇಟ್ಟೆ. ಕಣ್ಣು ಕೂರುವ ಗೂಡಿನ ತಳದ ಎಲುಬು ಹಪ್ಪಳದಷ್ಟು ತೆಳು, ಪೆಟ್ಟು ಬಿದ್ದರೆ ಅದು ಮುರಿದು ಕಣ್ಣು ಕೆಳಗೆ ಕುಸಿಯುತ್ತದೆ, ಅದನ್ನು ತಿರುಗಿಸುವ ಸ್ನಾಯು ಬಿರುಕಿನಲ್ಲಿ ಸಿಕ್ಕಿಕೊಳ್ಳುತ್ತದೆ ಎಂದರು. ಬೇಗ ಬಂದಿದ್ದರೆ ಏನಾದರೂ ಮಾಡಬಹುದಿತ್ತೇನೋ ಎಂದೂ ಹೇಳಿದರು. ನಾವು ಅರಸಿನ ಹಚ್ಚಿದೆವು ಎಂದು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಅವನು ಕೆಲಸಕ್ಕೆ ಮರಳಿದ. ಒಬ್ಬ ಗಿರಾಕಿಯ ಹತ್ತಿರ ಏನು ಬೇಕೆಂದು ಕೇಳಿದರೆ, ತನ್ನನ್ನೇ ನೋಡುತ್ತಿದ್ದಾನೆಂದುಕೊಂಡು ಪಕ್ಕದ ಮೇಜಿನವನು ಉತ್ತರ ಕೊಡುತ್ತಿದ್ದ, ನಾವು ನಗುತ್ತಿದ್ದೆವು. ಆಮೇಲೆ ಲೋಟಗಳು ಬೀಳತೊಡಗಿದವು. ಮೇಜಿನ ಅಂಚಿಗಿಂತ ನಾಲ್ಕು ಬೆರಳು ಈಚೆ, ಬರೀ ಗಾಳಿಯಲ್ಲಿ, ಲೋಟ ಇಟ್ಟು ಕೈ ಬಿಡುತ್ತಿದ್ದ. ಒಬ್ಬರ ಧೋತರದ ಮೇಲೆ ಬಿಸಿ ಕಾಫಿ ಚೆಲ್ಲಿದ ದಿನ ಧಣಿಗಳು ಅವನನ್ನು ಹತ್ತಿರದ ಒಬ್ಬ ಡಾಕ್ಟರರ ಬಳಿ ಕಳಿಸಿದರು. ನನಗೆ ಹಿಂದಿ ಚೆನ್ನಾಗಿ ಬರುತ್ತದೆಂದು ಜೊತೆಗೆ ನನ್ನನ್ನೇ ಕಳಿಸಿದರು.

ಡಾಕ್ಟರು ಹೇಗಾಯಿತೆಂದು ಕೇಳಿದರು. ಬಚ್ಚಲಲ್ಲಿ ಬಿದ್ದನೆಂದು ನಾನೇ ಹೇಳಿದೆ. ಅವನು ತನ್ನ ಅರೆಬರೆ ಹಿಂದಿಯಲ್ಲಿ ಎರಡೆರಡು ಕಾಣುತ್ತದೆ ಎಂದ. ಡಾಕ್ಟರು ಗೋಡೆಯ ಅಂಕಿಗಳ ಹಲಗೆ ತೋರಿಸಿ, ಅವನ ಬಲಗಣ್ಣಿಗೆ ರಟ್ಟು ಹಿಡಿದರು. ಅವನು ಕೊನೆಯ ಸಾಲಿನವರೆಗೂ ಓದಿದ. ಎರಡು ಕಾಣುತ್ತದೆಯೇ? ಇಲ್ಲ, ಒಂದೇ. ಎಡಗಣ್ಣಿಗೆ ರಟ್ಟು ಹಿಡಿದರು. ಆಗಲೂ ಕೊನೆಯವರೆಗೆ ಓದಿದ. ಈಗ? ಈಗಲೂ ಒಂದೇ.

"ಫಿರ್ ದೋ ಕಹಾಂ ಹೈ?" ಹಾಗಾದರೆ ಎರಡೆಲ್ಲಿ ಎಂದು ಡಾಕ್ಟರು ನಕ್ಕರು. ಎರಡು ಕಣ್ಣೂ ಚೆನ್ನಾಗಿ ಕಾಣುತ್ತವೆ ಎಂದು ಚೀಟಿ ಬರೆದುಕೊಟ್ಟರು. ಧಣಿಗಳು ಅದನ್ನು ಓದಿ ಹಣದ ಗಲ್ಲೆಯ ಒಳಗಿಟ್ಟುಕೊಂಡು, ಇನ್ನು ಲೋಟ ಬಿದ್ದರೆ ಜಾಗ್ರತೆ ಎಂದರು.

ಹಿಂದೆ ಬರುವ ದಾರಿಯಲ್ಲೇ ನನಗೆ ಆ ರಟ್ಟಿನ ಯೋಚನೆ ಹೊಳೆದದ್ದು. ಹೋಟೆಲಿಗೆ ಬಂದ ಮೇಲೆ ಅವನ ಮುಂದೆ ಒಂದು ಲೋಟ ಇಟ್ಟೆ.

"ಎಷ್ಟುಂಟು?"

"ಎರಡು. ಯಾವುದು ನಿಜದ್ದು ಅಂತ ಗೊತ್ತಾಗುದಿಲ್ಲ ಮಾರಾಯ, ಅದೇ ಕಷ್ಟ."

"ಬಲಗಣ್ಣು ಮುಚ್ಚು. ಈಗ?"

ಅವನು ಮುಚ್ಚಿದ. ಕೈ ಚಾಚಿ ಲೋಟವನ್ನು ಸರಿಯಾಗಿ ಹಿಡಿದ. ಬಿಟ್ಟ, ಮತ್ತೆ ಹಿಡಿದ. ಅವನ ಮುಖದಲ್ಲಿ ಅಂಥ ಸಂತೋಷ ನಾನು ಆಮೇಲೆ ನೋಡಲಿಲ್ಲ.

"ನೀನು ಡಾಕ್ಟರ್ ಆಗ್ಬೇಕಿತ್ತು" ಎಂದ.

ಲೋಟ ಬೀಳುವುದು ನಿಂತಿತು. ಮೇಜಿಗೆ ಏನಾದರೂ ಇಡುವ ಹೊತ್ತಿಗೆ ಮಾತ್ರ ಬಲಗಣ್ಣು ಮುಚ್ಚುತ್ತಿದ್ದ, ಇಟ್ಟ ಮೇಲೆ ತೆರೆಯುತ್ತಿದ್ದ. ನನ್ನ ಮನಸ್ಸಿನ ಭಾರವೂ ಇಳಿಯಿತು. ಮಾಡಿದ ತಪ್ಪಿಗೆ ಮದ್ದನ್ನೂ ನಾನೇ ಕೊಟ್ಟೆ ಎಂಬ ಜಂಬ ಬೇರೆ. ಗಂಡಸೊಬ್ಬ ಹೆಂಗಸರ ಮುಂದೆ ಬಗ್ಗಿ ಒಂದೇ ಕಣ್ಣು ಮುಚ್ಚಿ ತೆರೆದರೆ ನೋಡಿದವರು ಏನೆಂದುಕೊಳ್ಳುತ್ತಾರೆ ಎಂಬುದು ನನಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ.

ಒಂದು ಭಾನುವಾರ ಮ್ಯಾಟಿನಿ ಬಿಟ್ಟು ಹೋಟೆಲು ತುಂಬಿತ್ತು. ಫ್ಯಾಮಿಲಿ ರೂಮಿನ ಪರದೆಯ ಒಳಗಿಂದ ಕೂಗು ಕೇಳಿಸಿತು. ಓಡಿ ಹೋದರೆ, ಹೊಸದಾಗಿ ಮದುವೆಯಾದ ಹಾಗಿದ್ದ ಒಬ್ಬ ಗಂಡಸು ಇವನ ಅಂಗಿಯ ಕಾಲರು ಹಿಡಿದಿದ್ದ.

"ಮೇರೀ ಔರತ್ ಕೋ ಆಂಖ್ ಮಾರ್ತಾ ಹೈ?"

ಹೇಳುತ್ತಲೇ ಕೆನ್ನೆಗೆ ಬಾರಿಸಿದ, ಸ್ಪರ್ಶವಿಲ್ಲದ ಕೆನ್ನೆಗೇ. ಧಣಿಗಳು ಕೈ ಮುಗಿಯುತ್ತ ಗಲ್ಲೆಯಿಂದ ಎದ್ದು ಬಂದರು. ಆ ಹೆಂಗಸು ತಲೆ ತಗ್ಗಿಸಿಕೊಂಡು, ಮೂರು ಸಲ ಕಣ್ಣು ಹೊಡೆದ, ಆಗಿನಿಂದ ನನ್ನನ್ನೇ ನೋಡುತ್ತಿದ್ದ ಎಂದಳು. ಅವಳು ಸುಳ್ಳು ಹೇಳಲಿಲ್ಲ. ಮೇಜಿನ ಮೇಲೆ ಎರಡು ಕಾಫಿ, ಒಂದು ದೋಸೆಯ ತಟ್ಟೆ ಇದ್ದವು. ಮೂರು ಸಲ ಬಗ್ಗಿ ಇಟ್ಟಿದ್ದ, ಮೂರು ಸಲ ಮುಚ್ಚಿದ್ದ. ಮತ್ತೆ ತೆರೆದ ಮೇಲೆ, ಅವನು ಮೇಜು ನೋಡುತ್ತಿದ್ದರೂ ಆ ಬಲಗಣ್ಣು ಅವಳ ಕಡೆಗೆ ನಿಂತಿರುತ್ತಿತ್ತು.

"ಧಣಿ, ನಂಗೆ ಎರಡೆರಡು ಕಾಣ್ತದೆ. ಅದಕ್ಕೆ ಮುಚ್ಚಿದ್ದು, ಬೇರೆ ಎಂತದಕ್ಕೂ ಅಲ್ಲ" ಎಂದ.

ಧಣಿಗಳು ಗಲ್ಲೆಯಿಂದ ಚೀಟಿ ತರಿಸಿದರು. "ಎರಡು ಕಣ್ಣೂ ಸರಿ ಉಂಟು ಅಂತ ಡಾಕ್ಟರು ಬರೆದು ಕೊಟ್ಟಿದ್ದಾರೆ. ನನ್ನ ಹತ್ರವೇ ಸುಳ್ಳು ಹೇಳ್ತೀಯಾ?"

"ಇವನನ್ನು ಕೇಳಿ ಧಣಿ. ಇವನಿಗೆ ಎಲ್ಲ ಗೊತ್ತುಂಟು."

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಎಂಜಲು ತಟ್ಟೆಗಳಿದ್ದವು. ಹೌದು ಎಂದರೆ ಯಾವಾಗಿನಿಂದ ಎಂಬ ಪ್ರಶ್ನೆ ಬರುತ್ತದೆ, ಅದರ ಹಿಂದೆ ಬಚ್ಚಲು ಬರುತ್ತದೆ, ಅಂದು ಗದ್ದಲ ಕೇಳಿದ ಅಡಿಗೆಯವರು ಬಾಯಿ ಬಿಡುತ್ತಾರೆ.

"ನಂಗೆ ಗೊತ್ತಿಲ್ಲ ಧಣಿ" ಎಂದೆ.

ಹೆದರಿ ಹಾಗೆ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೆದರಿಕೆ ಇತ್ತು, ನಿಜ. ಆದರೆ ಅವನು ಹೋದರೆ ನಾಳೆಯಿಂದ ಆ ಕಣ್ಣನ್ನು ದಿನಾ ನೋಡುವುದು ತಪ್ಪುತ್ತದೆ ಎಂಬ ನೆಮ್ಮದಿಯೂ ಆ ಗಳಿಗೆಯಲ್ಲಿ ನನಗೆ ಆಯಿತು. ಇವನೇ ಹೊಡೆದದ್ದು ಎಂದು ಅವನು ನನ್ನನ್ನು ತೋರಿಸಿ ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಟ್ರಂಕು ತೆಗೆದುಕೊಂಡು ಹಿಂದಿನ ಬಾಗಿಲಿನಿಂದ ಹೋದ.

ಧಣಿಗಳ ಕಾರ್ಡು ಅಂದೇ ಅಂಚೆಗೆ ಬಿತ್ತು. ಒಂದು ತಿಂಗಳಲ್ಲಿ ನನ್ನ ಅಣ್ಣನ ಕಾಗದ ಬಂತು. ಹೊಳೆಯಾಚೆಯ ಆ ಮದುವೆ ಮುರಿಯಿತಂತೆ, ಹುಡುಗಿಯನ್ನು ಬೇರೆ ಕಡೆ ಕೊಡುತ್ತಾರಂತೆ, ಮುಂಬಯಿಯಲ್ಲಿ ಹಾಳಾದವನ ಸಹವಾಸ ನಿನಗೂ ಬೇಡ ಎಂದು ಬರೆದಿದ್ದ. ಅವನು ಊರಿಗೆ ಹೋಗಲೇ ಇಲ್ಲ. ಹೋಗುವ ಮುಖ ಎಲ್ಲಿತ್ತು? ಫ್ಯಾಮಿಲಿ ರೂಮು ನನಗೆ ಸಿಕ್ಕಿತು.

ಮಳೆಗಾಲ ಕಳೆದ ಮೇಲೆ, ದಹಿಸರಿನ ಒಂದು ಚಹಾದ ಅಂಗಡಿಯಲ್ಲಿ ಅವನಿದ್ದಾನೆಂದು ಯಾರೋ ಹೇಳಿದರು. ಮಧ್ಯಾಹ್ನದ ರಜೆ ಹಾಕಿ ಲೋಕಲ್ ಹಿಡಿದು ಹೋದೆ. ನಡೆ, ಧಣಿಗಳ ಮುಂದೆ ಎಲ್ಲ ಹೇಳುತ್ತೇನೆ, ನಿನ್ನ ಮಾವನಿಗೂ ನಾನೇ ಬರೆಯುತ್ತೇನೆ ಎಂದು ಹೇಳಬೇಕೆಂದಿದ್ದೆ. ದಾದರ್ ದಾಟುವಾಗ ಆ ಮಾತೆಲ್ಲ ಬಾಯಿಪಾಠವಾಗಿತ್ತು. ಬೋರಿವಲಿ ಬರುವಷ್ಟರಲ್ಲಿ, ಮೊದಲು ಅವನನ್ನು ನೋಡೋಣ, ಆಮೇಲೆ ಹೇಳಿದರಾಯಿತು ಎಂದಾಗಿತ್ತು.

ಸ್ಟೇಷನ್ನಿನ ಹೊರಗೆ ತಗಡು ಹೊದೆಸಿದ ಅಂಗಡಿ. ಅವನು ಹಿಂದುಗಡೆ ಕುಕ್ಕರುಗಾಲಲ್ಲಿ ಕೂತು ಲೋಟ ತೊಳೆಯುತ್ತಿದ್ದ. ಎರಡು ಕಣ್ಣೂ ತೆರೆದೇ ಇದ್ದವು. ನೀರಿನೊಳಗೆ ಕೈಗೆ ಸಿಕ್ಕಿದ್ದನ್ನು ತೊಳೆಯಲು ಎಷ್ಟು ಕಾಣುತ್ತದೆ ಎಂಬುದು ಬೇಕಿರಲಿಲ್ಲ. ಗುಳಿ ಇನ್ನೂ ಆಳವಾಗಿತ್ತು. ನನ್ನ ನೆರಳು ಬಿದ್ದಾಗ ಗಲ್ಲ ಎತ್ತಿದ. ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ನನ್ನ ಮೊಣಕಾಲಿನ ಹತ್ತಿರ ಎಲ್ಲೋ.

"ಯಾರು?" ಎಂದು ಬಲಗಣ್ಣು ಮುಚ್ಚಿ ನೋಡಿದ. "ನೀನಾ."

ಒಳಗಿನಿಂದ ನನಗೊಂದು ಚಹಾ ತರಿಸಿದ. ಊರಿನ ಸುದ್ದಿ ಕೇಳಲಿಲ್ಲ, ಧಣಿಗಳ ಸುದ್ದಿ ಕೇಳಲಿಲ್ಲ. ಇನ್ನೊಂದು ಲೋಟ ತೊಳೆದಿಟ್ಟು ಕೇಳಿದ, "ಫ್ಯಾಮಿಲಿ ರೂಮು ಈಗ ಯಾರು ನೋಡುದು?"

"ನಾನು."

ಅವನು ಆ ಕಣ್ಣನ್ನು ಮುಚ್ಚಿಕೊಂಡೇ ನನ್ನನ್ನು ನೋಡುತ್ತಿದ್ದ. ಬೈದರೆ ಸಾಕು ಎಂದು ಕಾದೆ.

"ಲೋಟ ಇಡುವಾಗ ಹೆಂಗಸರ ಕಡೆ ಮುಖ ಮಾಡ್ಬೇಡ ಮಾರಾಯ" ಎಂದ. "ಜನ ಬೇರೆ ತಿಳಿದುಕೊಳ್ತಾರೆ."

ಮತ್ತೆ ಬಗ್ಗಿ ಬಾಲ್ದಿಗೆ ಕೈ ಹಾಕಿದ. ನಾನು ಚಹಾ ಕುಡಿದು ಲೋಟವನ್ನು ಅವನ ಮುಂದೆ ಇಟ್ಟೆ. ಸಂಜೆಯ ಗಿರಾಕಿ ಬರುವ ಹೊತ್ತಾಯಿತು ಎಂದು ಹೇಳಿ ಗ್ರಾಂಟ್ ರೋಡಿಗೆ ವಾಪಸು ಬಂದೆ.